ಎತ್ತರದ ವೈಜ್ಞಾನಿಕ ಬಲೂನುಗಳು ಮತ್ತು ಅವುಗಳ ನಿಯಂತ್ರಣ ವ್ಯವಸ್ಥೆ: ಸಾರ್ವಜನಿಕರ ತಿಳಿವಳಿಕೆಗಾಗಿ

1. ಪೀಠಿಕೆ

ವಾತಾವರಣದ ಮೇಲಿನ ಸ್ತರಗಳು, ವಿಶ್ವಕಿರಣಗಳು ಹಾಗೂ ಆಕಾಶಕಾಯಗಳ ಅಧ್ಯಯನಕ್ಕಾಗಿ ವಿಜ್ಞಾನಿಗಳು ಮಾನವರಹಿತ ಬಲೂನುಗಳನ್ನು ಹಾರಿಸುತ್ತಾರೆ. ಇವು ವಿಮಾನಗಳು ಸಂಚರಿಸುವ ಎತ್ತರವನ್ನು ದಾಟಿ, ಸಮೋಷ್ಣ ಮಂಡಲದಲ್ಲಿ 20 ರಿಂದ 40 ಕಿಲೋಮೀಟರ್ ಎತ್ತರದವರೆಗೆ ಏರುತ್ತವೆ. ಉಪಗ್ರಹಕ್ಕೆ ಹೋಲಿಸಿದರೆ ಇದಕ್ಕೆ ತಗಲುವ ವೆಚ್ಚ ಬಹಳ ಕಡಿಮೆ. ಅಲ್ಲದೆ ಪ್ರಯೋಗ ಮುಗಿದ ನಂತರ ಉಪಕರಣವು ಪ್ಯಾರಾಚೂಟಿನ ಸಹಾಯದಿಂದ ನೆಲಕ್ಕೆ ಇಳಿಯುವುದರಿಂದ ಅದನ್ನು ಮರಳಿ ಪಡೆದು ಪುನಃ ಬಳಸಲು ಸಾಧ್ಯವಿದೆ.

ಹೀಗೆ ಇಳಿಯುವ ಉಪಕರಣವು ಯಾರದೋ ಹೊಲ, ಕೆರೆಯಂಗಳ ಅಥವಾ ಮನೆಯ ಮೇಲೆ ಬೀಳಬಹುದು. 2025ರ ಜನವರಿಯಲ್ಲಿ ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿ ಗ್ರಾಮದಲ್ಲಿ ಹೈದರಾಬಾದಿನಿಂದ ಹಾರಿಸಿದ ದೊಡ್ಡ ಬಲೂನೊಂದು ಉಪಕರಣ ಸಹಿತ ಬಂದು ಬಿದ್ದಾಗ ಗ್ರಾಮಸ್ಥರು ಆತಂಕಕ್ಕೊಳಗಾಗಿದ್ದರು. ಅದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಸಂಶೋಧನಾ ಬಲೂನು ಎಂಬುದು ತಿಳಿದ ಬಳಿಕ ಆತಂಕ ದೂರವಾಯಿತು. ಇಂತಹ ಸಂದರ್ಭಗಳಲ್ಲಿ ಸಾರ್ವಜನಿಕರು ಹೇಗೆ ನಡೆದುಕೊಳ್ಳಬೇಕು, ಈ ಬಲೂನುಗಳನ್ನು ಯಾವ ವ್ಯವಸ್ಥೆಯ ಮೂಲಕ ನಿಯಂತ್ರಿಸಲಾಗುತ್ತದೆ ಹಾಗೂ ಬಲೂನು ಹಾರಿಸಲು ಬಯಸುವ ಶಿಕ್ಷಣ ಸಂಸ್ಥೆಗಳು ಯಾವ ಸಿದ್ಧತೆ ಮಾಡಿಕೊಳ್ಳಬೇಕು ಎಂಬ ವಿವರಗಳನ್ನು ಇಲ್ಲಿ ನೀಡಲಾಗಿದೆ.

2. ಬೆಂಗಳೂರು ಪೂರ್ವ ಭಾಗದಲ್ಲಿ ನಡೆದಿರುವ ಕಾರ್ಯ

ಇಂದಿರಾನಗರದ ಬದಿಯಲ್ಲಿ ಹಾದುಹೋಗುವ ಹಳೇ ಮದರಾಸು ರಸ್ತೆಯಲ್ಲಿ ಪೂರ್ವ ದಿಕ್ಕಿಗೆ ಸಾಗಿದರೆ ಬೆನ್ನಿಗಾನಹಳ್ಳಿ, ಕೃಷ್ಣರಾಜಪುರಗಳನ್ನು ದಾಟಿ ಹೊಸಕೋಟೆ ಸಿಗುತ್ತದೆ. ಕೋರಮಂಗಲದಲ್ಲಿ ಕೇಂದ್ರ ಕಚೇರಿಯನ್ನು ಹೊಂದಿರುವ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಕ್ರೆಸ್ಟ್ ಎಂಬ ಆವರಣವು ಹೊಸಕೋಟೆಯ ಸಮೀಪದಲ್ಲಿದೆ. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ಇದೇ ಆವರಣದಿಂದ ನಿರ್ವಹಿಸಲಾಗುತ್ತದೆ.

ಸದರಿ ಸಂಸ್ಥೆಯು 2011ರಲ್ಲಿ ಎತ್ತರದ ಬಲೂನು ಕಾರ್ಯಕ್ರಮವನ್ನು ಆರಂಭಿಸಿತು. ಮೊದಲು ಕ್ರೆಸ್ಟ್ ಆವರಣದಲ್ಲಿ ಹಗ್ಗದಿಂದ ಕಟ್ಟಿದ ಬಲೂನುಗಳ ಮೇಲೆ ಉಪಕರಣಗಳನ್ನು ಪರೀಕ್ಷಿಸಲಾಯಿತು. ತದನಂತರ 2013ರ ಮಾರ್ಚ್‌ನಿಂದ 2014ರ ನವೆಂಬರ್‌ವರೆಗಿನ ಅವಧಿಯಲ್ಲಿ 9 ಬಾರಿ ಬಲೂನುಗಳನ್ನು ಮುಕ್ತವಾಗಿ ಹಾರಿಸಲಾಯಿತು. ಉಪಕರಣಗಳ ತೂಕವು 6 ಕಿಲೋಗ್ರಾಂಗಿಂತ ಕಡಿಮೆ ಇರಬೇಕಾದ ಕಾರಣ, ಹಗುರವಾದ ಪೆಟ್ಟಿಗೆಗಳನ್ನು ತ್ರಿ-ಆಯಾಮ ಮುದ್ರಣ ಯಂತ್ರದಲ್ಲಿ ತಯಾರಿಸಿ, ದಿಕ್ಕನ್ನು ಅಳೆಯುವ ಹಾಗೂ ಸರಿಪಡಿಸುವ ಸಾಧನಗಳನ್ನು ಸಂಸ್ಥೆಯಲ್ಲಿಯೇ ಅಭಿವೃದ್ಧಿಪಡಿಸಲಾಯಿತು. ಧೂಮಕೇತು, ರಾತ್ರಿ ಆಕಾಶದ ಸಹಜ ಬೆಳಕು ಹಾಗೂ ಮೇಲಿನ ವಾತಾವರಣದ ವಿದ್ಯಮಾನಗಳನ್ನು ಕಡಿಮೆ ವೆಚ್ಚದಲ್ಲಿ ಅಧ್ಯಯನ ಮಾಡುವುದು ಈ ಕಾರ್ಯಕ್ರಮದ ಉದ್ದೇಶಗಳಲ್ಲಿ ಸೇರಿತ್ತು.

ಬೆಂಗಳೂರಿಗೆ ಬಲೂನು ಪ್ರಯೋಗಗಳು ಹೊಸತಲ್ಲ. 1939-40ರಲ್ಲಿ ಅಮೆರಿಕದ ವಿಜ್ಞಾನಿ ರಾಬರ್ಟ್ ಮಿಲಿಕನ್ ಅವರು ನೀಹರ್ ಹಾಗೂ ಪಿಕರಿಂಗ್ ಅವರೊಡನೆ ಭಾರತಕ್ಕೆ ಬಂದು ವಿಶ್ವಕಿರಣಗಳನ್ನು ಅಳೆಯಲು ಬಲೂನುಗಳನ್ನು ಹಾರಿಸಿದ ಸ್ಥಳಗಳಲ್ಲಿ ಬೆಂಗಳೂರು ಸಹ ಒಂದಾಗಿತ್ತು.

3. ನಿಯಂತ್ರಣ ವ್ಯವಸ್ಥೆಯ ಅಗತ್ಯ

ಬಲೂನಿಗೆ ಚುಕ್ಕಾಣಿ ಇರುವುದಿಲ್ಲ. ಅದು ಗಾಳಿ ಬೀಸಿದ ದಿಕ್ಕಿಗೆ ಹೋಗುತ್ತದೆ. ಒಮ್ಮೆ ನೆಲ ಬಿಟ್ಟ ಮೇಲೆ ಕೆಟ್ಟುಹೋದ ಭಾಗವನ್ನು ಸರಿಪಡಿಸಲು ಯಾರೂ ಹೋಗಲಾರರು. ಆದುದರಿಂದ ಮೇಲೆ ಎದುರಾಗುವ ಪರಿಸ್ಥಿತಿಯನ್ನು ಮೊದಲೇ ಅಂದಾಜು ಮಾಡಿ ವ್ಯವಸ್ಥೆಯನ್ನು ರೂಪಿಸಬೇಕಾಗುತ್ತದೆ. ಮುಖ್ಯವಾದ ತೊಂದರೆಗಳು ಕೆಳಕಂಡಂತಿವೆ.

(ಅ) ಚಳಿ: ನಮ್ಮ ಭಾಗದಲ್ಲಿ ಸುಮಾರು 16 ರಿಂದ 17 ಕಿಲೋಮೀಟರ್ ಎತ್ತರದಲ್ಲಿ ಉಷ್ಣತೆಯು ಶೂನ್ಯಕ್ಕಿಂತ 70 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗೆ ಇಳಿಯುತ್ತದೆ. ಸಾಧಾರಣ ಬ್ಯಾಟರಿಗಳು ಈ ಚಳಿಯಲ್ಲಿ ಬೇಗನೆ ಶಕ್ತಿ ಕಳೆದುಕೊಳ್ಳುತ್ತವೆ. ಆದ್ದರಿಂದ ಚಳಿ ತಡೆಯುವ ಲಿಥಿಯಂ ಬ್ಯಾಟರಿ ಹಾಗೂ ಥರ್ಮೊಕೋಲ್ ಹೊದಿಕೆಯನ್ನು ಬಳಸುವುದು ರೂಢಿ.

(ಆ) ವಿರಳ ಗಾಳಿ: 30 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡವು ನೆಲದ ಮೇಲಿನ ಒತ್ತಡದ ನೂರರಲ್ಲಿ ಒಂದು ಭಾಗದಷ್ಟು ಮಾತ್ರ. ಅಲ್ಲಿ ಬಿಸಿಯನ್ನು ಕೊಂಡೊಯ್ಯಲು ಸಾಕಷ್ಟು ಗಾಳಿ ಇಲ್ಲದ ಕಾರಣ, ಹೊರಗೆ ಚಳಿಯಿದ್ದರೂ ಒಳಗಿನ ವಿದ್ಯುನ್ಮಾನ ಬಿಡಿಭಾಗಗಳು ಅತಿಯಾಗಿ ಕಾಯುವ ಸಂಭವವಿದೆ. ಹೆಚ್ಚಿನ ವೋಲ್ಟೇಜ್ ಇರುವ ಕಡೆ ಕಿಡಿ ಹಾರುವ ಅಪಾಯವೂ ಹೆಚ್ಚುತ್ತದೆ.

(ಇ) ಸ್ಥಾನ ತಿಳಿಯುವ ತೊಂದರೆ: ಜಿ.ಪಿ.ಎಸ್. ಉಪಕರಣಗಳಲ್ಲಿ ಕೆಲವು, ಕ್ಷಿಪಣಿಗಳಲ್ಲಿ ದುರ್ಬಳಕೆ ಆಗಬಾರದೆಂಬ ನಿರ್ಬಂಧದ ಕಾರಣ, 18 ಕಿಲೋಮೀಟರ್ ಎತ್ತರ ದಾಟಿದ ಕೂಡಲೆ ಕೆಲಸ ನಿಲ್ಲಿಸುತ್ತವೆ. ಉಪಕರಣ ಕೊಳ್ಳುವ ಮುನ್ನವೇ ಇದನ್ನು ಪರಿಶೀಲಿಸುವುದು ಅವಶ್ಯಕ. ಮೊಬೈಲ್ ದೂರವಾಣಿಯ ಸಂಕೇತವೂ ಅಷ್ಟು ಎತ್ತರದಲ್ಲಿ ನಂಬಲರ್ಹವಲ್ಲ.

(ಈ) ತಿರುಗಾಟ: ಹಗ್ಗದಲ್ಲಿ ತೂಗುವ ಪೆಟ್ಟಿಗೆ ಸತತವಾಗಿ ತಿರುಗುತ್ತಲೂ ಓಲಾಡುತ್ತಲೂ ಇರುತ್ತದೆ. ಒಂದು ನಕ್ಷತ್ರದ ಕಡೆಗೆ ಕ್ಯಾಮೆರಾವನ್ನು ನಿಲ್ಲಿಸಬೇಕಾದರೆ ಈ ಚಲನೆಯನ್ನು ಕ್ಷಣಕ್ಷಣಕ್ಕೂ ಅಳೆದು ಸರಿಪಡಿಸಬೇಕು.

4. ಘಟಕಗಳ ಜಾಲ: ಕಾರ್ಯವಿಧಾನ

ಮೇಲ್ಕಂಡ ಎಲ್ಲ ಕೆಲಸಗಳನ್ನು ಒಂದೇ ಗಣಕಕ್ಕೆ ವಹಿಸಿದರೆ, ಅದು ನಿಂತ ಕೂಡಲೆ ಎಲ್ಲವೂ ನಿಲ್ಲುತ್ತದೆ. ಆದ್ದರಿಂದ ಕೆಲಸವನ್ನು ಹಲವು ಸಣ್ಣ ಘಟಕಗಳಿಗೆ ಹಂಚಿ, ಅವುಗಳನ್ನು ಒಂದು ಸಾಮಾನ್ಯ ತಂತಿಯ ಮೂಲಕ ಪರಸ್ಪರ ಜೋಡಿಸುವ ಪದ್ಧತಿಯನ್ನು ಅನುಸರಿಸಲಾಗುತ್ತದೆ. ಪ್ರತಿ ಘಟಕಕ್ಕೂ ತನ್ನದೇ ಆದ ಚಿಕ್ಕ ಗಣಕ, ತನ್ನದೇ ಆದ ಕೆಲಸ ಇರುತ್ತದೆ.

ಇದನ್ನು ಒಂದು ಕಚೇರಿಗೆ ಹೋಲಿಸಬಹುದು. ಕಚೇರಿಯಲ್ಲಿ ಸ್ವೀಕೃತಿ, ಲೆಕ್ಕಪತ್ರ, ರವಾನೆ ಎಂದು ಬೇರೆ ಬೇರೆ ಶಾಖೆಗಳಿರುತ್ತವೆ. ಕಡತವು ನಿಗದಿತ ನಮೂನೆಯಲ್ಲಿ ಒಂದು ಶಾಖೆಯಿಂದ ಮತ್ತೊಂದಕ್ಕೆ ಹೋಗುತ್ತದೆ. ಲೆಕ್ಕಪತ್ರ ಶಾಖೆಯ ನೌಕರರು ಒಂದು ದಿನ ರಜೆಯಲ್ಲಿದ್ದರೂ ಟಪಾಲು ಸ್ವೀಕರಿಸುವುದು ನಿಲ್ಲುವುದಿಲ್ಲ. ಬಲೂನಿನ ಘಟಕಗಳ ನಡುವೆಯೂ ಸಂದೇಶಗಳು ಇದೇ ರೀತಿ ನಿಗದಿತ ನಮೂನೆಯಲ್ಲಿ ಸಂಚರಿಸುತ್ತವೆ. ಸಾಮಾನ್ಯವಾಗಿ ಇರುವ ಘಟಕಗಳು ಇವು:

(1) ವಿದ್ಯುತ್ ಘಟಕ: ಬ್ಯಾಟರಿಯಿಂದ ಇತರ ಘಟಕಗಳಿಗೆ ವಿದ್ಯುತ್ತನ್ನು ಹಂಚುತ್ತದೆ; ದೋಷ ಕಂಡ ಘಟಕಕ್ಕೆ ಸರಬರಾಜನ್ನು ಕಡಿತಗೊಳಿಸುತ್ತದೆ.
(2) ಸ್ಥಾನ ಹಾಗೂ ದಿಕ್ಕು ಘಟಕ: ಜಿ.ಪಿ.ಎಸ್., ಅಯಸ್ಕಾಂತ ಸಂವೇದಕ ಹಾಗೂ ತಿರುಗುವಿಕೆಯ ಸಂವೇದಕಗಳನ್ನು ಓದುತ್ತದೆ.
(3) ವಿಜ್ಞಾನ ಘಟಕ: ಕ್ಯಾಮೆರಾ, ರೋಹಿತಮಾಪಕ, ಗಾಳಿಯ ಮಾದರಿ ಸಂಗ್ರಾಹಕ ಮುಂತಾದವನ್ನು ನಡೆಸುತ್ತದೆ, ಅಳತೆಗಳನ್ನು ದಾಖಲಿಸುತ್ತದೆ.
(4) ರೇಡಿಯೊ ಘಟಕ: ಅಳತೆಗಳನ್ನು ನೆಲಕ್ಕೆ ಕಳುಹಿಸುತ್ತದೆ, ನೆಲದಿಂದ ಬರುವ ಆದೇಶಗಳನ್ನು ಸ್ವೀಕರಿಸುತ್ತದೆ.
(5) ವಿಮೋಚನಾ ಘಟಕ: ಹಾರಾಟವನ್ನು ಕೊನೆಗೊಳಿಸಬೇಕಾದಾಗ ಬಲೂನನ್ನು ಬೇರ್ಪಡಿಸಿ ಉಪಕರಣವನ್ನು ಪ್ಯಾರಾಚೂಟಿನೊಡನೆ ಕೆಳಗಿಳಿಸುತ್ತದೆ.

ಇಂದಿನ ಕಾರುಗಳಲ್ಲಿ ಎಂಜಿನ್, ಬ್ರೇಕ್, ಬಾಗಿಲುಗಳ ನಿಯಂತ್ರಕಗಳನ್ನು ಎರಡು ತಂತಿಗಳ ಒಂದೇ ಮಾರ್ಗದಲ್ಲಿ ಜೋಡಿಸುವ ಕ್ಯಾನ್ ಎಂಬ ಪದ್ಧತಿ ಇದೆ. ಇದರಲ್ಲಿ ಪ್ರತಿ ಸಂದೇಶಕ್ಕೂ ಒಂದು ಸಂಖ್ಯೆ ಇರುತ್ತದೆ. ಎರಡು ಘಟಕಗಳು ಒಮ್ಮೆಗೇ ಮಾತನಾಡಲು ಹೊರಟರೆ, ಕಡಿಮೆ ಸಂಖ್ಯೆಯ ಸಂದೇಶಕ್ಕೆ ಮೊದಲ ಅವಕಾಶ ದೊರೆಯುತ್ತದೆ. ಇಂತಹ ಜಾಲದಲ್ಲಿ ಸುರಕ್ಷತೆಗೆ ಸಂಬಂಧಿಸಿದ ಆದೇಶಗಳಿಗೆ ಚಿಕ್ಕ ಸಂಖ್ಯೆ ನೀಡಿದರೆ, ಛಾಯಾಚಿತ್ರಗಳ ಮಾಹಿತಿ ಎಷ್ಟೇ ಇದ್ದರೂ ಅವು ಸರದಿಯಲ್ಲಿ ಕಾಯಬೇಕಾಗಿ ಬರುವುದಿಲ್ಲ.

ಘಟಕಗಳನ್ನು ಪ್ರತ್ಯೇಕವಾಗಿರಿಸುವುದರಿಂದ ಇನ್ನೂ ಕೆಲವು ಅನುಕೂಲಗಳಿವೆ. ಒಂದೊಂದನ್ನೂ ಪ್ರಯೋಗಾಲಯದಲ್ಲಿ ಬೇರೆಯಾಗಿ ಪರೀಕ್ಷಿಸಬಹುದು. ಮುಂದಿನ ಹಾರಾಟದಲ್ಲಿ ವಿಜ್ಞಾನ ಘಟಕವನ್ನಷ್ಟೇ ಬದಲಿಸಿ ಉಳಿದವನ್ನು ಹಾಗೆಯೇ ಬಳಸಬಹುದು. ಪ್ರತಿ ಘಟಕದಲ್ಲಿಯೂ ಕಾವಲು ಗಡಿಯಾರವೊಂದನ್ನು ಇರಿಸಬಹುದು. ಗಣಕವು ನಿಗದಿತ ಸಮಯದೊಳಗೆ ತಾನು ಕಾರ್ಯನಿರತವಾಗಿರುವುದನ್ನು ತಿಳಿಸದಿದ್ದಲ್ಲಿ ಈ ಗಡಿಯಾರವು ಅದನ್ನು ತಾನಾಗಿಯೇ ಮರುಚಾಲನೆಗೊಳಿಸುತ್ತದೆ.

ಖಗೋಳ ಭೌತವಿಜ್ಞಾನ ಸಂಸ್ಥೆಯ ತಂಡವು 2016ರಲ್ಲಿ ವಿವರಿಸಿದ ಎರಡು ಅಕ್ಷಗಳ ದಿಕ್ಕು ನಿಯಂತ್ರಣ ಸಾಧನವು ಈ ವಿಧಾನಕ್ಕೆ ಉತ್ತಮ ಉದಾಹರಣೆ. ಮಾರುಕಟ್ಟೆಯಲ್ಲಿ ಯಾರಿಗಾದರೂ ಸಿಗುವ ಆರ್ಡುಯಿನೊ ನಿಯಂತ್ರಕ, ಅಯಸ್ಕಾಂತ ಸಂವೇದಕ, ಚಲನೆ ಅಳೆಯುವ ಸಂವೇದಕ ಹಾಗೂ ಜಿ.ಪಿ.ಎಸ್. ಘಟಕಗಳನ್ನು ಜೋಡಿಸಿ, ನೆಲದಿಂದ ಆದೇಶವಿಲ್ಲದೆಯೇ ತಾನೇ ದಿಕ್ಕು ಸರಿಪಡಿಸಿಕೊಳ್ಳುವ ಹಗುರವಾದ ಸಾಧನವನ್ನು ಸಿದ್ಧಪಡಿಸಿ, ಹಗ್ಗ ಕಟ್ಟಿದ ಬಲೂನಿನ ಮೇಲೆ ಪರೀಕ್ಷಿಸಲಾಯಿತು. ಇದೇ ಸಂಸ್ಥೆಯಲ್ಲಿ ರಾಸ್ಪ್‌ಬೆರಿ ಪೈ ಎಂಬ ಅಗ್ಗದ ಗಣಕವನ್ನು ಬಳಸಿ ರೂಪಿಸಿದ ಸ್ಟಾರ್‌ಬೆರಿಸೆನ್ಸ್ ಎಂಬ ನಕ್ಷತ್ರ ಸಂವೇದಕವು 2023ರ ಏಪ್ರಿಲ್ 22ರಂದು ಪಿ.ಎಸ್.ಎಲ್.ವಿ.-ಸಿ55 ರಾಕೆಟ್ಟಿನೊಂದಿಗೆ ಬಾಹ್ಯಾಕಾಶಕ್ಕೆ ತಲುಪಿತು.

5. ವಿಮೋಚನಾ ಘಟಕದ ಪ್ರತ್ಯೇಕತೆ

ಹಾರಾಟದ ಎಲ್ಲ ಘಟಕಗಳ ಪೈಕಿ ಸಾರ್ವಜನಿಕರ ಸುರಕ್ಷತೆಗೆ ನೇರವಾಗಿ ಸಂಬಂಧಿಸಿದ್ದು ವಿಮೋಚನಾ ಘಟಕ. ವಿಜ್ಞಾನ ಘಟಕ ಕೆಟ್ಟರೆ ಮಾಹಿತಿ ನಷ್ಟವಾಗುತ್ತದೆ. ವಿಮೋಚನಾ ಘಟಕ ಕೆಟ್ಟರೆ ಬಲೂನು ಎಲ್ಲಿಗೆ ಹೋಗುತ್ತದೆ, ಎಲ್ಲಿ ಇಳಿಯುತ್ತದೆ ಎಂಬುದು ಕೈಮೀರುತ್ತದೆ. ಆದ್ದರಿಂದ ಇದು ಜಾಲಕ್ಕೆ ಜೋಡಣೆಯಾಗಿದ್ದರೂ ಜಾಲವನ್ನೇ ಅವಲಂಬಿಸಿರಬಾರದು. ತನ್ನದೇ ಬ್ಯಾಟರಿ ಹಾಗೂ ತನ್ನದೇ ಗಡಿಯಾರವನ್ನು ಹೊಂದಿದ್ದು, ನೆಲದ ಆದೇಶ ಬಾರದಿದ್ದರೂ ನಿಗದಿತ ಸಮಯ ಮುಗಿದ ಮೇಲೆ ತಾನಾಗಿ ಕೆಲಸ ಮಾಡುವಂತಿರಬೇಕು.

ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯ 2ನೇ ಅನುಬಂಧದಲ್ಲಿ ಮಾನವರಹಿತ ಬಲೂನುಗಳನ್ನು ಮೂರು ವರ್ಗಗಳಾಗಿ ವಿಂಗಡಿಸಲಾಗಿದೆ. ಒಟ್ಟು ಹೊರೆ 4 ಕಿಲೋಗ್ರಾಂಗಿಂತ ಕಡಿಮೆ ಇದ್ದರೆ ಹಗುರ, 4ರಿಂದ 6 ಕಿಲೋಗ್ರಾಂ ಒಳಗಿದ್ದರೆ ಮಧ್ಯಮ, 6 ಕಿಲೋಗ್ರಾಂ ಅಥವಾ ಹೆಚ್ಚಿದ್ದರೆ ಭಾರಿ ಎಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ಹೊರೆ ಕಡಿಮೆ ಇದ್ದರೂ, ತೂಗುವ ಹಗ್ಗವನ್ನು ತುಂಡರಿಸಲು 230 ನ್ಯೂಟನ್ ಅಥವಾ ಹೆಚ್ಚಿನ ಬಲ ಬೇಕಾದಲ್ಲಿ ಅದನ್ನು ಭಾರಿ ಎಂದೇ ಗಣಿಸಲಾಗುವುದು. ವಿಮಾನಕ್ಕೆ ಸಿಲುಕಿದರೆ ಹಗ್ಗ ಸುಲಭವಾಗಿ ಹರಿಯಬೇಕು ಎಂಬುದು ಇದರ ಆಶಯ. ಭಾರಿ ಬಲೂನುಗಳಲ್ಲಿ ಪರಸ್ಪರ ಅವಲಂಬಿಸದ ಕನಿಷ್ಠ ಎರಡು ವಿಮೋಚನಾ ಸಾಧನಗಳು ಇರತಕ್ಕದ್ದು.

ಈ ಎಚ್ಚರಿಕೆ ಏಕೆ ಎಂಬುದಕ್ಕೆ ನಿದರ್ಶನಗಳಿವೆ. 2006ರ ಡಿಸೆಂಬರ್‌ನಲ್ಲಿ ಅಂಟಾರ್ಕ್ಟಿಕಾದಿಂದ ಹಾರಿದ ಬ್ಲಾಸ್ಟ್ ಎಂಬ ದೂರದರ್ಶಕವು ಹಾರಾಟವನ್ನು ಪೂರೈಸಿ ನೆಲಕ್ಕಿಳಿದ ನಂತರ ಅದರ ಪ್ಯಾರಾಚೂಟ್ ಬೇರ್ಪಡಲಿಲ್ಲ. ಗಾಳಿಯು ಅದನ್ನು ಮಂಜಿನ ಮೇಲೆ ಸುಮಾರು 200 ಕಿಲೋಮೀಟರ್ ಎಳೆದೊಯ್ದು ಹಿಮದ ಬಿರುಕಿಗೆ ಕೆಡವಿತು. ಉಪಕರಣ ನಾಶವಾದರೂ ದಾರಿಯಲ್ಲಿ ಬಿದ್ದಿದ್ದ ಮಾಹಿತಿ ಸಂಗ್ರಹ ಪೆಟ್ಟಿಗೆ ದೊರೆತ ಕಾರಣ ಪ್ರಯೋಗದ ಫಲ ಉಳಿಯಿತು. 2010ರ ಏಪ್ರಿಲ್ 29ರಂದು ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಹಾರಿಸುವ ವೇಳೆ ಉಪಕರಣವು ನೆಲದ ಮೇಲೆ ಎಳೆದೊಯ್ಯಲ್ಪಟ್ಟು ನಿಲ್ಲಿಸಿದ್ದ ವಾಹನಕ್ಕೆ ಅಪ್ಪಳಿಸಿತು. ನೋಡಲು ನಿಂತಿದ್ದವರು ಸ್ವಲ್ಪದರಲ್ಲಿ ಪಾರಾದರು.

6. ಮರಳಿ ದೊರೆತ ಉಪಕರಣದ ಮೌಲ್ಯ

ಕೆಲವು ಪ್ರಯೋಗಗಳಲ್ಲಿ ಅಳತೆಗಳನ್ನು ರೇಡಿಯೊ ಮೂಲಕ ಪಡೆಯಬಹುದು. ಇನ್ನು ಕೆಲವು ಪ್ರಯೋಗಗಳಲ್ಲಿ ಪೆಟ್ಟಿಗೆ ಕೈಸೇರದಿದ್ದರೆ ಏನೂ ಸಿಗುವುದಿಲ್ಲ. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು 2005ರಲ್ಲಿ ಹೈದರಾಬಾದಿನ ಬಲೂನು ಕೇಂದ್ರದಿಂದ ನಡೆಸಿದ ಪ್ರಯೋಗವು ಇಂತಹದು. 459 ಕಿಲೋಗ್ರಾಂ ತೂಕದ ಉಪಕರಣದಲ್ಲಿ ನಿರ್ವಾತಗೊಳಿಸಿ ಕ್ರಿಮಿಶುದ್ಧ ಮಾಡಿದ 16 ಉಕ್ಕಿನ ಕೊಳವೆಗಳಿದ್ದು, ಅವು ದ್ರವ ನಿಯಾನ್‌ನಲ್ಲಿ ಮುಳುಗಿದ್ದವು. 20 ರಿಂದ 41 ಕಿಲೋಮೀಟರ್‌ವರೆಗಿನ ಬೇರೆ ಬೇರೆ ಎತ್ತರಗಳಲ್ಲಿ ಈ ಕೊಳವೆಗಳಿಗೆ ಗಾಳಿಯನ್ನು ತುಂಬಿಕೊಂಡು ಉಪಕರಣವು ಪ್ಯಾರಾಚೂಟಿನಲ್ಲಿ ಇಳಿಯಿತು.

ಅದು ಸುರಕ್ಷಿತವಾಗಿ ಕೈಸೇರಿದ ಬಳಿಕ ಗಾಳಿಯನ್ನು ಪರೀಕ್ಷಿಸಲಾಗಿ 12 ಬ್ಯಾಕ್ಟೀರಿಯಾ ಹಾಗೂ 6 ಶಿಲೀಂಧ್ರ ಸಮೂಹಗಳು ಪತ್ತೆಯಾದವು. ಅವುಗಳ ಪೈಕಿ ಮೂರು ಬ್ಯಾಕ್ಟೀರಿಯಾಗಳು ಹೊಸ ಪ್ರಭೇದಗಳೆಂದು 2009ರಲ್ಲಿ ಪ್ರಕಟಿಸಲಾಯಿತು. ಒಂದಕ್ಕೆ ಇಸ್ರೋ ಸಂಸ್ಥೆಯ ಹೆಸರನ್ನೂ ಮತ್ತೊಂದಕ್ಕೆ ಆರ್ಯಭಟನ ಹೆಸರನ್ನೂ ಇಡಲಾಗಿದೆ. ಉಡುಪಿ ಜಿಲ್ಲೆಯ ಅದಮಾರಿನವರಾದ ಪ್ರೊ. ಯು.ಆರ್. ರಾವ್ ಅವರು ಈ ಪ್ರಯೋಗಕ್ಕೆ ಮಾರ್ಗದರ್ಶನ ನೀಡಿದ್ದರು. ಇಳಿದ ಸ್ಥಳದಲ್ಲಿ ಯಾರಾದರೂ ಕುತೂಹಲದಿಂದ ಒಂದು ಕೊಳವೆಯನ್ನು ತೆರೆದಿದ್ದರೂ ಅದರೊಳಗಿನ ಗಾಳಿಯಲ್ಲಿ ನೆಲದ ಗಾಳಿ ಬೆರೆತು ಆ ಮಾದರಿ ವ್ಯರ್ಥವಾಗುತ್ತಿತ್ತು ಎಂಬುದನ್ನು ಗಮನಿಸಬೇಕು.

7. ಉಪಕರಣ ಕಂಡುಬಂದಲ್ಲಿ ಸಾರ್ವಜನಿಕರು ಅನುಸರಿಸಬೇಕಾದ ಕ್ರಮ

ಹೈದರಾಬಾದಿನಿಂದ ಹಾರಿಸುವ ಬಲೂನುಗಳು 50 ರಿಂದ 85 ಮೀಟರ್ ವ್ಯಾಸದ ತೆಳು ಪಾಲಿಥಿನ್ ಹಾಳೆಯಿಂದ ಮಾಡಿದಂತಹವು. ಜಲಜನಕ ಅನಿಲವನ್ನು ತುಂಬಿರಲಾಗುತ್ತದೆ. ಇವುಗಳ ಉಪಕರಣಗಳು ಬಣ್ಣದ ದೊಡ್ಡ ಪ್ಯಾರಾಚೂಟುಗಳಲ್ಲಿ ಇಳಿಯುತ್ತವೆ. ಗಾಳಿಯ ದಿಕ್ಕಿಗನುಸಾರ ಇವು ಬೀದರ್, ಕಲಬುರಗಿ ಮುಂತಾದ ಜಿಲ್ಲೆಗಳಲ್ಲಿಯೂ ಇಳಿಯುವ ಸಂಭವವಿದೆ. ಹೊಸಕೋಟೆಯಂತಹ ಸ್ಥಳದಿಂದ ಬಿಡುವ ರಬ್ಬರಿನ ಚಿಕ್ಕ ಬಲೂನುಗಳು ನೆಲ ಬಿಡುವಾಗ ಸುಮಾರು 2 ಮೀಟರ್ ಅಗಲವಿದ್ದು, ಮೇಲೇರಿದಂತೆ ಹಿಗ್ಗಿ ಒಡೆಯುತ್ತವೆ. ಅವುಗಳ ಚಿಕ್ಕ ಪೆಟ್ಟಿಗೆಗಳು ಸುತ್ತಮುತ್ತಲ ತಾಲ್ಲೂಕುಗಳಲ್ಲಿ ಅಥವಾ ನೆರೆ ರಾಜ್ಯದಲ್ಲಿ ಇಳಿಯಬಹುದು.

ಮಾಡಬೇಕಾದದ್ದು:
(1) ಪೆಟ್ಟಿಗೆಯ ಮೇಲೆ ಬರೆದಿರುವ ಸಂಸ್ಥೆಯ ಹೆಸರು, ವಿಳಾಸ ಹಾಗೂ ಸೂಚನೆಯನ್ನು ಓದುವುದು.
(2) ಹತ್ತಿರದ ಪೊಲೀಸ್ ಠಾಣೆಗೆ ಕೂಡಲೆ ತಿಳಿಸುವುದು. ಪೆಟ್ಟಿಗೆಯ ಮೇಲೆ ದೂರವಾಣಿ ಸಂಖ್ಯೆ ಇದ್ದಲ್ಲಿ ಅದಕ್ಕೂ ಕರೆ ಮಾಡುವುದು.
(3) ಸಂಸ್ಥೆಯವರು ಬರುವವರೆಗೆ ಮಕ್ಕಳು ಹಾಗೂ ಜಾನುವಾರುಗಳನ್ನು ದೂರವಿರಿಸುವುದು.
(4) ಬೆಳೆ ಅಥವಾ ಮನೆಗೆ ಹಾನಿಯಾಗಿದ್ದಲ್ಲಿ ಛಾಯಾಚಿತ್ರ ತೆಗೆದು, ಪೊಲೀಸರ ಹಾಗೂ ಗ್ರಾಮ ಆಡಳಿತಾಧಿಕಾರಿಯವರ ಗಮನಕ್ಕೆ ತರುವುದು.

ಮಾಡಬಾರದದ್ದು:
(1) ಪೆಟ್ಟಿಗೆಯನ್ನು ತೆರೆಯಬಾರದು. ಕೆಲವು ಉಪಕರಣಗಳಲ್ಲಿ ಅಪಾಯಕಾರಿ ಮಟ್ಟದ ವೋಲ್ಟೇಜ್ ಇರುತ್ತದೆ.
(2) ಬಲೂನಿನ ಬಳಿ ಬೀಡಿ, ಬೆಂಕಿಕಡ್ಡಿ, ದೀಪ ಹಚ್ಚಬಾರದು. ಜಲಜನಕ ಉಳಿದಿದ್ದರೆ ಬೆಂಕಿ ಹೊತ್ತಿಕೊಳ್ಳುತ್ತದೆ.
(3) ವಿದ್ಯುತ್ ತಂತಿಗೆ ಸಿಲುಕಿದ್ದರೆ ಎಳೆಯಬಾರದು; ವಿದ್ಯುತ್ ಸರಬರಾಜು ಕಂಪನಿಯವರಿಗೆ ತಿಳಿಸಬೇಕು.
(4) ತಂತಿ, ಬ್ಯಾಟರಿ, ಪ್ಯಾರಾಚೂಟ್ ಬಟ್ಟೆಗಳನ್ನು ಬಿಚ್ಚಿ ಕೊಂಡೊಯ್ಯಬಾರದು.

ಉಪಕರಣವನ್ನು ಕಂಡು ಮೊದಲು ತಿಳಿಸಿದವರಿಗೆ ಸೂಕ್ತ ಬಹುಮಾನ ನೀಡುವುದಾಗಿ ಟಾಟಾ ಸಂಸ್ಥೆಯ ಪ್ರಕಟಣೆಗಳಲ್ಲಿ ತಿಳಿಸಲಾಗಿದೆ. ಉಪಕರಣವನ್ನು ತೆರೆದು ಹಾಳು ಮಾಡಿದ್ದಲ್ಲಿ ಬಹುಮಾನ ಇರುವುದಿಲ್ಲ.

8. ಬಲೂನು ಹಾರಿಸಲು ಬಯಸುವ ಶಿಕ್ಷಣ ಸಂಸ್ಥೆಗಳ ಗಮನಕ್ಕೆ

(1) ಅನುಮತಿ: ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳನ್ನು ಪಾಲಿಸಿ, ವಿಮಾನ ಸಂಚಾರ ನಿಯಂತ್ರಣ ಅಧಿಕಾರಿಗಳ ಒಪ್ಪಿಗೆ ಪಡೆಯತಕ್ಕದ್ದು. ಅಂತಾರಾಷ್ಟ್ರೀಯ ಕ್ರಮದಂತೆ ಮಧ್ಯಮ ಹಾಗೂ ಭಾರಿ ಬಲೂನುಗಳ ಬಗ್ಗೆ ಹಾರಾಟಕ್ಕೆ ಕನಿಷ್ಠ 7 ದಿನ ಮುಂಚಿತವಾಗಿ ಸೂಚನೆ ನೀಡಬೇಕು.

(2) ಸ್ಥಳ: ಇಂದಿರಾನಗರವು ಎಚ್.ಎ.ಎಲ್. ವಿಮಾನ ನಿಲ್ದಾಣದ ಸಮೀಪದಲ್ಲಿದೆ. ಸಾರ್ವಜನಿಕ ವಿಮಾನ ಸೇವೆಗಳು 2008ರ ಮೇ ತಿಂಗಳಲ್ಲಿ ದೇವನಹಳ್ಳಿಗೆ ಸ್ಥಳಾಂತರವಾಗಿದ್ದರೂ ಇಲ್ಲಿ ಪರೀಕ್ಷಾರ್ಥ ಹಾರಾಟಗಳು ಮುಂದುವರಿದಿವೆ. ಆದುದರಿಂದ ಮನೆಯ ತಾರಸಿ, ಶಾಲಾ ಮೈದಾನ, ಉದ್ಯಾನಗಳಿಂದ ಇಂತಹ ಬಲೂನುಗಳನ್ನು ಬಿಡಕೂಡದು.

(3) ರೇಡಿಯೊ: ಬಳಸುವ ತರಂಗಾಂತರ ಹಾಗೂ ಪ್ರೇಷಕದ ಶಕ್ತಿಯು ಕೇಂದ್ರ ಸಂಪರ್ಕ ಸಚಿವಾಲಯದ ನಿಯಮಗಳಿಗೆ ಒಳಪಟ್ಟಿರಬೇಕು. ಹವ್ಯಾಸಿ ರೇಡಿಯೊ ತರಂಗಾಂತರ ಬಳಸುವವರು ಪರವಾನಗಿ ಹೊಂದಿರಬೇಕು.

(4) ಪರೀಕ್ಷೆ: ಪ್ರತಿ ಘಟಕವನ್ನೂ ಪ್ರತ್ಯೇಕವಾಗಿ, ನಂತರ ಎಲ್ಲವನ್ನೂ ಜೋಡಿಸಿ, ಚಳಿ ಪೆಟ್ಟಿಗೆಯಲ್ಲಿ ಪರೀಕ್ಷಿಸಬೇಕು. ಮೊದಲು ಹಗ್ಗ ಕಟ್ಟಿದ ಬಲೂನಿನಲ್ಲಿ ಹಾರಿಸಿ ನೋಡುವುದು ಉತ್ತಮ. ಜಾಲದ ತಂತಿಯನ್ನು ಬೇಕೆಂದೇ ಕಿತ್ತು, ವಿಮೋಚನಾ ಘಟಕವು ಆಗಲೂ ಕೆಲಸ ಮಾಡುವುದೇ ಎಂದು ಖಚಿತಪಡಿಸಿಕೊಳ್ಳಬೇಕು.

(5) ಬರಹ: ಪೆಟ್ಟಿಗೆಯ ಮೇಲೆ ಸಂಸ್ಥೆಯ ಹೆಸರು, ಸಂಪರ್ಕ ವಿವರ ಹಾಗೂ "ಇದು ಅಪಾಯಕಾರಿ ಸ್ಫೋಟಕವಲ್ಲ, ವೈಜ್ಞಾನಿಕ ಉಪಕರಣ, ತೆರೆಯಬೇಡಿ" ಎಂಬ ಅರ್ಥದ ಸೂಚನೆಯನ್ನು ಕನ್ನಡ, ತೆಲುಗು, ತಮಿಳು ಹಾಗೂ ಇಂಗ್ಲಿಷ್ ಭಾಷೆಗಳಲ್ಲಿ, ಮಳೆಗೆ ಅಳಿಸದ ಶಾಯಿಯಿಂದ ಬರೆಯಬೇಕು. ಹೊಲದಲ್ಲಿ ಪೆಟ್ಟಿಗೆಯನ್ನು ಮೊದಲು ಕಾಣುವ ರೈತರಿಗೆ ಓದಲು ಬರುವ ಭಾಷೆಯಲ್ಲಿಯೇ ಸೂಚನೆ ಇರುವುದು ಮುಖ್ಯ.

9. ಮುಕ್ತಾಯ

ಬಲೂನಿನ ನಿಯಂತ್ರಣ ವ್ಯವಸ್ಥೆಯು ಪ್ರತಿ ಘಟಕವೂ ತನ್ನ ಕೆಲಸವನ್ನು ಮಾಡಿ, ಸಮಯಕ್ಕೆ ಸರಿಯಾಗಿ ಸಂದೇಶ ಮುಟ್ಟಿಸುವುದನ್ನು ಅವಲಂಬಿಸಿದೆ. ಉಪಕರಣವು ನೆಲ ಮುಟ್ಟಿ ಬ್ಯಾಟರಿ ಬರಿದಾದ ಮೇಲೆ ಸಂದೇಶ ಮುಟ್ಟಿಸುವ ಕೆಲಸ ಅದನ್ನು ಕಂಡ ನಾಗರಿಕರದಾಗುತ್ತದೆ. ಒಂದು ದೂರವಾಣಿ ಕರೆಯಿಂದ ಹಲವು ತಿಂಗಳುಗಳ ಶ್ರಮ ಉಳಿಯುತ್ತದೆ. ಊರಿನಲ್ಲಿ ಹರಡಬಹುದಾದ ಅನಗತ್ಯ ಆತಂಕವೂ ತಪ್ಪುತ್ತದೆ. ಈ ನಿಟ್ಟಿನಲ್ಲಿ ಸಾರ್ವಜನಿಕರು ಸಹಕರಿಸಬೇಕಾಗಿ ವಿನಂತಿಸಲಾಗಿದೆ.